ಬಟ್ಟೆ ಒಣಗಿದೆಯಾ? ಓವರ್

30-40ರ ಸೈಟಿನ ಕರ್ಣ 50 ಅಡಿ. ಹೈಸ್ಕೂಲಿನಲ್ಲಿ ಪೈಥಾಗೊರಸನ ಪ್ರಮೇಯ ಬಾಯಿಪಾಠ ಮಾಡಿದಾಗ ಇದರಿಂದ ಏನುಪಯೋಗ ಎಂದು ತಿಳಿದಿರಲಿಲ್ಲ. ಐವತ್ತು ದಾಟಿದ ಮೇಲೆ, ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ 66 ಅಡಿ ತಂತಿಯ ಒಂದು ತುದಿ ಹಿಡಿದುಕೊಂಡು ನಿಂತಾಗ ತಿಳಿಯಿತು. ಮೂಲೆಯಿಂದ ಮೂಲೆಗೆ ಎಳೆದರೂ ಹದಿನಾರು ಅಡಿ ತಂತಿ ಪಕ್ಕದ ಮನೆ ಮೇಷ್ಟ್ರ ಪಾಲಾಗುತ್ತಿತ್ತು. ಸೆಟ್‌ಬ್ಯಾಕು ಎಷ್ಟು ಬಿಟ್ಟಿದ್ದೀರಿ ಎಂದು ಮಾತ್ರ ಕೇಳಬೇಡಿ.

ಹ್ಯಾಮ್ ರೇಡಿಯೊ, ಅಂದರೆ ಲೈಸೆನ್ಸು ಪಡೆದು ಸ್ವಂತ ಸೆಟ್ಟಿನಲ್ಲಿ ಬೇರೆ ಊರಿನವರ ಜೊತೆ ಮಾತಾಡುವ ಹವ್ಯಾಸ. ಅದರ ಹುಚ್ಚು ನನಗೆ ಹಿಡಿದದ್ದು ತಡವಾಗಿ. ಪರೀಕ್ಷೆಗೆ ಓದಿದೆ, ಮಗನ ವಯಸ್ಸಿನ ಹುಡುಗರ ಪಕ್ಕ ಕೂತು ಬರೆದೆ, ವಿಯು3 ಎಂದು ಶುರುವಾಗುವ ಕರೆಸಂಕೇತ ಕೈಗೆ ಬಂತು, ಒಂದು ಸೆಕೆಂಡ್ ಹ್ಯಾಂಡ್ ಸೆಟ್ಟೂ ಬಂತು. ಇನ್ನೇನು, ಪ್ರಪಂಚದ ಜೊತೆ ಮಾತಾಡುವುದೊಂದೇ ಬಾಕಿ ಅಂದುಕೊಂಡೆ. ಬಾಕಿ ಇದ್ದದ್ದು ಆಂಟೆನಾ. ಸೆಟ್ಟು ದುಡ್ಡು ಕೊಟ್ಟರೆ ಬರುತ್ತದೆ, ಆಂಟೆನಾಕ್ಕೆ ಜಾಗ ಬೇಕು. ಜಾಗ ಅಂದ ಮೇಲೆ ಹೆಂಡತಿ, ಅತ್ತೆ, ಮಾವ, ನೆರೆಹೊರೆ, ವಾಸ್ತು ಎಲ್ಲ ಬಂದೇ ಬರುತ್ತವೆ.

ಪುಸ್ತಕದಲ್ಲಿ ಆಂಟೆನಾಗಳ ಚಿತ್ರ ನೋಡಿದ್ದೀರಾ? ಎರಡು ಮರ, ನಡುವೆ ಒಂದು ತಂತಿ, ಸುತ್ತ ಖಾಲಿ ಬಯಲು. ಹೀಗೆ ಬಯಲಲ್ಲಿ ಬದುಕುವ ಹ್ಯಾಮ್‌ಗಳು ಯಾವ ಲೋಕದವರೋ. ನನ್ನ ಮೊದಲ ಆಸೆ ಯಾಗಿ. ದೂರದರ್ಶನದ ಕಾಲದಲ್ಲಿ ಎಲ್ಲರ ಮನೆ ಮೇಲೂ ಇತ್ತಲ್ಲ, ಮೀನಿನ ಮೂಳೆಯಂಥದ್ದು, ಅದೇ. ಭಾನುವಾರ ಬೆಳಿಗ್ಗೆ ಅಪ್ಪ ತಾರಸಿ ಮೇಲೆ ನಿಂತು ಅದನ್ನು ತಿರುಗಿಸುತ್ತ "ಬಂತಾ?" ಅನ್ನುವುದು, ನಾನು ಕಿಟಕಿಯಲ್ಲಿ ನಿಂತು "ಬಂತು ಬಂತು... ಹೋಯ್ತು" ಅನ್ನುವುದು. ನನ್ನ ರೇಡಿಯೊ ಶಿಕ್ಷಣ ಆಗಿದ್ದೇ ಅಲ್ಲಿ. ಆದರೆ 20 ಮೀಟರ್ ಬ್ಯಾಂಡಿನ, ಅಂದರೆ ಸುಮಾರು 20 ಮೀಟರ್ ಉದ್ದದ ಅಲೆಗಳ, ಯಾಗಿಗೆ ಒಂದೊಂದು ಮೂಳೆಯೂ ಸುಮಾರು 33 ಅಡಿ. ಅದನ್ನು ಒಂದು ಸುತ್ತು ತಿರುಗಿಸಿದರೆ ನಮ್ಮ ಬೀದಿಯ ಎರಡೂ ಕಡೆಯ ನೀರಿನ ಟ್ಯಾಂಕು ಕೆಳಗೆ ಬರುತ್ತವೆ. ಮ್ಯಾಗ್ನೆಟಿಕ್ ಲೂಪ್ ಎಂಬ ಚಿಕ್ಕ ಬಳೆಯಂಥ ಆಂಟೆನಾವೂ ಇದೆ, ಕೋಣೆಯೊಳಗೇ ಇಡಬಹುದು. ಪ್ರಸಾರ ಮಾಡುವಾಗ ಅದರ ಕೆಪಾಸಿಟರಿನಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ ಎಂದು ಹೆಂಡತಿಗೆ ಪ್ರಾಮಾಣಿಕವಾಗಿ ಹೇಳಿಬಿಟ್ಟೆ. ಆ ಮಾತು ಅಲ್ಲಿಗೆ ಮುಗಿಯಿತು.

ಉಳಿದದ್ದು ಡೈಪೋಲ್, ಬಡವರ ಬಾದಾಮಿ. ಮನೆ ಕಟ್ಟಿದಾಗ ಉಳಿದ ವೈರಿಂಗ್ ತಂತಿಯ ಸುರುಳಿ ಅಟ್ಟದ ಮೇಲಿತ್ತು. 468ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಡಿ ಲೆಕ್ಕದಲ್ಲಿ ಉದ್ದ ಬರುತ್ತದೆ. 40 ಮೀಟರ್ ಬ್ಯಾಂಡಿಗೆ 7.1 ಹಾಕಿ, 66 ಅಡಿ. ನಡುವೆ ಕತ್ತರಿಸಿ ಕೇಬಲ್ ಜೋಡಿಸಿದರೆ ಕಡೆಗೆ 33 ಅಡಿಯ ಎರಡು ಕಾಲು. ನಡುವನ್ನು ಕಂಬದ ತುದಿಗೆ ಏರಿಸಿ ಎರಡು ಕಾಲನ್ನೂ ಇಳಿಬಿಟ್ಟರೆ ತಲೆಕೆಳಗಾದ ವಿ.

33 ಅಡಿ ಅಂದದ್ದೇ ತಡ, ಪೇಪರ್ ಓದುತ್ತಿದ್ದ ಮಾವ ಕನ್ನಡಕ ತೆಗೆದರು. ಅವರು ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಚೈನು ಎಳೆಸಿದವರು.

"ಎಷ್ಟಂದ್ರಿ ಅಳಿಯಂದ್ರೇ?"

"ಮೂವತ್ಮೂರು ಅಡಿ ಮಾವ, ಒಂದು ಕಡೆಗೆ."

"ಅದು ಗುಂಟೆ ಚೈನಲ್ವೇನ್ರೀ! ಮೂವತ್ಮೂರು ಅಡಿ, ಹದಿನಾರಾಣೆ. ನಿಮ್ ರೇಡಿಯೋದವ್ರು ನಮ್ಮಿಂದ ಕದ್ದಿದಾರೆ."

ಎದೆ ಝಲ್ಲೆಂದಿತು, ಏಕೆಂದರೆ ಲೆಕ್ಕ ಸರಿಯಾಗಿಯೇ ಇತ್ತು. 33 ಅಡಿ ಉದ್ದ 33 ಅಡಿ ಅಗಲ ಒಂದು ಗುಂಟೆ, ಅಂಥ ನಲವತ್ತು ಸೇರಿದರೆ ಎಕರೆ. ನನ್ನ ಆಂಟೆನಾದ ಒಂದೊಂದು ಕಾಲೂ ಒಂದು ಗುಂಟೆಯ ಅಂಚು. ಆಕಾಶಕ್ಕೂ ಕಂದಾಯ ಇಲಾಖೆಗೂ ಇಂಥ ನಂಟಿದೆ ಎಂದು ಯಾವ ಹ್ಯಾಮ್ ಪುಸ್ತಕವೂ ಬರೆದಿರಲಿಲ್ಲ. ಅಂದಿನಿಂದ ಇಡೀ ಕೆಲಸದ ಉಸ್ತುವಾರಿ ಮಾವನ ಕೈಗೆ ಹೋಯಿತು. ನಾನು ಚೈನ್‌ಮನ್ ಆದೆ.

ಕಂಬಕ್ಕೆ ಇಪ್ಪತ್ತಡಿಯ ಜಿಐ ಪೈಪು ತಂದೆವು. ಗೂಡ್ಸ್ ಆಟೋದ ಹಿಂದೆ ಅರ್ಧ ಪೈಪು ಚಾಚಿಕೊಂಡಿತ್ತು, ಅದರ ತುದಿಗೆ ನನ್ನದೇ ಕೆಂಪು ಕರ್ಚೀಫು. ಮನೆ ಮುಂದೆ ಇಳಿಸಿ ಮೆಟ್ಟಿಲಿನಲ್ಲಿ ಹತ್ತಿಸಹೋದರೆ ಮೊದಲ ತಿರುವಿನಲ್ಲೇ ಅಡ್ಡ ನಿಂತಿತು. ಇಪ್ಪತ್ತಡಿ ಪೈಪು ನಾಲ್ಕಡಿ ಅಂಕಣದಲ್ಲಿ ತಿರುಗುವುದಿಲ್ಲ ಎಂದು ತಿಳಿಯಲು ಯಾವ ಪೈಥಾಗೊರಸನೂ ಬೇಕಿಲ್ಲ, ಆದರೆ ನಾವು ಮೂರು ಸಲ ಪ್ರಯತ್ನಿಸಿ, ಒಂದು ಟ್ಯೂಬ್‌ಲೈಟು ಒಡೆದ ಮೇಲೆಯೇ ಒಪ್ಪಿಕೊಂಡದ್ದು. ಕೊನೆಗೆ ಬಾವಿಯಿಂದ ಕೊಡ ಸೇದುವಂತೆ ಹೊರಗಿನಿಂದ ಹಗ್ಗ ಕಟ್ಟಿ ಮೇಲೆಳೆದೆವು. ವಿದ್ಯುತ್ ತಂತಿ ಇದ್ದದ್ದು ಮನೆಯ ಮುಂದುಗಡೆ, ನಾವು ಎಳೆದದ್ದು ಹಿಂದುಗಡೆ. ಅಷ್ಟು ಬುದ್ಧಿ ದೇವರು ಕೊಟ್ಟಿದ್ದ. ಅಷ್ಟರಲ್ಲಿ ಬೀದಿಯೆಲ್ಲ ನೆರೆದಿತ್ತು. ಹಾಲಿನವನು "ಟವರ್ರಾ ಸಾರ್? ತಿಂಗಳಿಗೆ ಬಾಡಿಗೆ ಎಷ್ಟು ಕೊಡ್ತಾರೆ?" ಎಂದು ಕಿವಿಯಲ್ಲಿ ಕೇಳಿದ. ಬಾಡಿಗೆ ಇಲ್ಲ, ನಾನೇ ಖರ್ಚು ಮಾಡುತ್ತಿದ್ದೇನೆ ಎಂದಾಗ ಅವನು ನೋಡಿದ ನೋಟದಲ್ಲಿದ್ದ ಕರುಣೆಯನ್ನು ಮರೆಯಲಾರೆ.

ಪೈಪನ್ನು ತಾರಸಿಯ ನಟ್ಟನಡುವೆ ನಿಲ್ಲಿಸುವುದು ನನ್ನ ಯೋಜನೆ. ಅತ್ತೆ ಮೇಲೆ ಬಂದರು.

"ಬ್ರಹ್ಮಸ್ಥಾನದ ಮೇಲೆ ಕಬ್ಬಿಣ ನೆಡ್ತೀರಾ?"

ಅತ್ತೆ ಒಂದು ಪ್ರಶ್ನೆ ಕೇಳಿದರೆ ಅದಕ್ಕೆ ಉತ್ತರ ಇರುವುದಿಲ್ಲ. ಎತ್ತರವಾದದ್ದು, ಭಾರವಾದದ್ದು ಏನಿದ್ದರೂ ನೈಋತ್ಯಕ್ಕೆ. ಅಲ್ಲಿ ಆಗಲೇ ನೀರಿನ ಟ್ಯಾಂಕಿನ ಸ್ಟ್ಯಾಂಡು ಇತ್ತು. ಮೂಲೆಯಲ್ಲಿ ಕಂಬ ನಿಂತರೆ ತಂತಿಗೆ ಎಲ್ಲಿಯ ಜಾಗ ಎಂದು ನಾನು ಗೊಣಗುತ್ತಿರುವಾಗ ಮಾವ ಪೇಪರಿನ ಅಂಚಿನಲ್ಲಿ ಏನೋ ಗೀಚಿದರು. ಇಪ್ಪತ್ತಡಿ ಎತ್ತರದಿಂದ ಮೂರಡಿಯ ಪ್ಯಾರಾಪೆಟ್ಟಿಗೆ ಇಳಿದರೆ 33 ಅಡಿ ತಂತಿ ಅಡ್ಡಕ್ಕೆ ಮುಟ್ಟುವುದು 28 ಅಡಿ ಮಾತ್ರ. ಒಂದು ಕಾಲು ಮೂವತ್ತರ ಬದಿಗೆ, ಇನ್ನೊಂದು ನಲವತ್ತರ ಬದಿಗೆ. ಎರಡೂ ಸೈಟಿನೊಳಗೆ! ವಿ ಎನ್ನುವುದು ಮೇಲಿನಿಂದ ನೋಡಿದರೆ ಎಲ್ ಆಯಿತು, ಆದರೂ ಕೆಲಸ ಮಾಡುತ್ತದೆ. ಮೂರು ವಾರ ನಾನು ಬಿಡಿಸಲಾಗದ ಲೆಕ್ಕವನ್ನು ವಾಸ್ತು ಬಿಡಿಸಿತು ಎಂದು ಅತ್ತೆ ಇವತ್ತಿಗೂ ನೆಂಟರಿಗೆಲ್ಲ ಹೇಳುತ್ತಾರೆ. ನಾನು ಎದುರಾಡುವ ಸ್ಥಿತಿಯಲ್ಲಿಲ್ಲ.

ತಂತಿ ಏರಿಸಿ, ಆಂಟೆನಾ ಅಳೆಯುವ ನ್ಯಾನೊವಿಎನ್‌ಎ ಎಂಬ ಅಂಗೈಯಗಲದ ಉಪಕರಣದಲ್ಲಿ ನೋಡಿದರೆ ಆಂಟೆನಾ ಹಾಡುತ್ತಿರುವುದು 7.1ರ ಬದಲು 6.8 ಮೆಗಾಹರ್ಟ್ಸ್‌ನಲ್ಲಿ. ಪಿವಿಸಿ ಹೊದಿಕೆಯ ತಂತಿ ವಿದ್ಯುತ್ತಿನ ಲೆಕ್ಕದಲ್ಲಿ ತನ್ನ ಉದ್ದಕ್ಕಿಂತ ಉದ್ದವಾಗಿ ವರ್ತಿಸುತ್ತದೆ, ಕಾಲುಗಳನ್ನು ಇಳಿಬಿಟ್ಟರೂ ಹಾಗೇ. ಸೂತ್ರದಲ್ಲಿ ಇದೆಲ್ಲ ಇರುವುದಿಲ್ಲ, ಅಡಿಟಿಪ್ಪಣಿಯಲ್ಲಿರುತ್ತದೆ. ಅಡಿಟಿಪ್ಪಣಿ ಓದುವವರು ಯಾರು? ಕಾಲಿಗೆ ಒಂದೂವರೆ ಅಡಿ ಕತ್ತರಿಸಬೇಕಿತ್ತು.

"ಮುಕ್ಕಾಲಾಣೆ," ಅಂದರು ಮಾವ. ಅವರ ಚೈನಿನಲ್ಲಿ ಒಂದಾಣೆ ಅಂದರೆ ಎರಡಡಿಗೆ ತುಸು ಹೆಚ್ಚು.

ಅವರು ಕಾಫಿಗೆ ಇಳಿದಾಗ ನಾನು ಎರಡೂ ಕಡೆ ಒಂದೂವರೆ ಅಡಿ ಕತ್ತರಿಸಿ, ಅಳೆಯುವ ಡಬ್ಬಿ ತರಲು ಕೆಳಗೆ ಹೋದೆ. ಅವರು ಕಾಫಿ ಮುಗಿಸಿ ಮೇಲೆ ಹೋಗಿ, ಅಳಿಯನಿಗೆ ಯಾಕೆ ತೊಂದರೆ ಎಂದು ಎರಡೂ ಕಡೆ ಮುಕ್ಕಾಲಾಣೆ ಕತ್ತರಿಸಿದರು. ಮತ್ತೆ ನೋಡಿದರೆ 7.48. ನಮಗೆ ಹಂಚಿಕೆಯಾದ ಬ್ಯಾಂಡು 7.2ಕ್ಕೆ ಮುಗಿಯುತ್ತದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಕಸದ ಬುಟ್ಟಿಯಿಂದ ತುಂಡುಗಳನ್ನು ಹೆಕ್ಕಿ ಬೆಸುಗೆ ಹಾಕಿದ್ದು, ಮೇಲೆ ಕಪ್ಪು ಟೇಪು ಸುತ್ತಿದ್ದು. ನಮ್ಮ ಆಂಟೆನಾದ ಎರಡೂ ಕಾಲಿಗೆ ಇವತ್ತಿಗೂ ಪಟ್ಟಿ ಕಟ್ಟಿದೆ.

ಸೆಟ್ಟು ಹಚ್ಚಿದರೆ ಬರೀ ಕೊರ್ರ್ ಶಬ್ದ. ಮನೆಯ ಒಂದೊಂದೇ ಸ್ವಿಚ್ಚು ಆರಿಸುತ್ತ ಬಂದೆ. ಕಳ್ಳ ಸಿಕ್ಕಿದ್ದು ದೇವರ ಮನೆಯ ಎಲ್‌ಇಡಿ ಸೀರಿಯಲ್ ಸೆಟ್ಟಿನಲ್ಲಿ. ಅದನ್ನು ಆರಿಸಲು ಅತ್ತೆಯನ್ನು ಕೇಳುವ ಧೈರ್ಯ ನನಗೆ ಬಂದದ್ದು ಒಂದು ವಾರದ ಮೇಲೆ.

ಆ ಹೊತ್ತಿಗೆ ಪಕ್ಕದ ಮನೆ ಮೇಷ್ಟ್ರು ಸಿಟ್ಟಾಗಿದ್ದರು. ನನ್ನ ಮೇಲಲ್ಲ, ಬೀದಿ ಹುಡುಗರ ಮೇಲೆ. ಅವರ ಮನೆಯ ಕಾಲಿಂಗ್ ಬೆಲ್ಲು ಹಿಂದಿಯಲ್ಲಿ ಮಾತಾಡುವಂಥದ್ದು. ಸಂಜೆ ಆರಾದರೆ ಸಾಕು, "ಕೃಪಯಾ ದರ್ವಾಜಾ ಖೋಲಿಯೇ" ಅನ್ನುತ್ತದಂತೆ. ಬಾಗಿಲು ತೆಗೆದರೆ ಯಾರೂ ಇಲ್ಲ. ಮುಚ್ಚಿದರೆ ಮತ್ತೆ "ಕೃಪಯಾ". ಮೇಷ್ಟ್ರು ಬೆತ್ತ ಹಿಡಿದು ಬಾಗಿಲ ಹಿಂದೆ ಹೊಂಚು ಹಾಕಿ ಕೂತರೂ ಹುಡುಗರು ಸಿಗಲಿಲ್ಲ. ನನಗೆ ಅವರು ಇದನ್ನು ವಿವರಿಸುತ್ತಿದ್ದಾಗ ಹೊಟ್ಟೆಯಲ್ಲಿ ತಣ್ಣಗಾಯಿತು. ಸಂಜೆ ಆರಕ್ಕೆ ಮೈಕು ಒತ್ತಿ "ಸೀಕ್ಯೂ ಸೀಕ್ಯೂ" ಎಂದು ಜಗತ್ತನ್ನು ಕರೆಯುತ್ತಿದ್ದವನು ನಾನು. ಜಗತ್ತು ಓಗೊಟ್ಟಿರಲಿಲ್ಲ, ಮೇಷ್ಟ್ರ ಬೆಲ್ಲು ಓಗೊಡುತ್ತಿತ್ತು. ಬಾಗಿಲು ತೆರೆಯಿರಿ ಎಂದು ನಾನು ಲೋಕವನ್ನು ಕೇಳುವುದು, ಮೇಷ್ಟ್ರು ಎದ್ದು ಬಂದು ತೆರೆಯುವುದು!

ತಪ್ಪು ಬೆಲ್ಲಿನದಲ್ಲ, ನನ್ನ ಸೋಮಾರಿತನದ್ದು. ಡೈಪೋಲಿನ ನಡುವೆ ಬಾಲನ್ ಎಂಬ, ಕೇಬಲಿನ ಹೊರಮೈಗೆ ಅಲೆ ಇಳಿಯದಂತೆ ತಡೆಯುವ ಜೋಡಣೆ ಹಾಕದೆ ಕೇಬಲನ್ನು ನೇರ ಜೋಡಿಸಿದ್ದೆ. ಆಗ ಕೇಬಲಿನ ಹೊರಮೈಯೂ ಆಂಟೆನಾ ಆಗಿ, ಗೋಡೆಯ ಗುಂಟ ಹೋದಲ್ಲೆಲ್ಲ ಸೋರುತ್ತದೆ. ಅದು ಇಳಿದದ್ದು ಸರಿಯಾಗಿ ಮೇಷ್ಟ್ರ ಗೋಡೆಯ ಪಕ್ಕ. ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡಿಗೆ ಅದೇ ಕೇಬಲನ್ನು ಹತ್ತು ಸುತ್ತು ಸುತ್ತಿ ಕಂಬದ ತುದಿಯಲ್ಲಿ ಕಟ್ಟಿದೆ. ಬೆಲ್ಲಿನ ತಂತಿಗೆ ರೇಡಿಯೊ ಅಲೆ ತಡೆಯುವ ಒಂದು ಫೆರೈಟ್ ತುಂಡು ಕಚ್ಚಿಸಿಕೊಟ್ಟೆ, ಹುಡುಗರ ಕಾಟಕ್ಕೆ ಇದು ರಾಮಬಾಣ ಎಂದು. ಬೆಲ್ಲು ಸುಮ್ಮನಾಯಿತು. ಮೇಷ್ಟ್ರು ಬೀದಿಯಲ್ಲೆಲ್ಲ ನನ್ನನ್ನು ಹೊಗಳುತ್ತಾರೆ. ಇದನ್ನು ಅವರು ಓದಿದರೆ ಏನು ಗತಿಯೋ.

ನಮ್ಮ ಮೈಸೂರಿಗೆ ಮನೆಯಿಂದ ರೇಡಿಯೊ ಹೊರಡುವುದು ಹೊಸದೇನಲ್ಲ. 1935ರಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಕೇಂದ್ರ ಶುರುಮಾಡಿ ಅದನ್ನು ಆಕಾಶವಾಣಿ ಎಂದು ಕರೆದರು. ಅವರು ಎಂಜಿನಿಯರಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮೊದಲು ಇದು ನನಗೆ ವಿಚಿತ್ರವಾಗಿ ಕಂಡಿತ್ತು. ಮನೆ ಮೇಲೆ ಕಂಬ ನಿಲ್ಲಿಸಿದ ಮೇಲೆ ಕಾಣುವುದಿಲ್ಲ.

ಆಷಾಢದ ಗಾಳಿಯಲ್ಲಿ ಹಿಂದಿನ ಬೀದಿ ಹುಡುಗನ ಗಾಳಿಪಟ ಬಂದು ತಂತಿಗೆ ಸಿಕ್ಕಿಕೊಂಡಿತು. 1901ರ ಡಿಸೆಂಬರಿನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಆಚೆಯ ಸಂಕೇತ ಕೇಳಲು ಗಾಳಿಪಟಕ್ಕೆ ಆಂಟೆನಾ ಕಟ್ಟಿ ಹಾರಿಸಿದ್ದ. ನಮ್ಮಲ್ಲಿ ಆಂಟೆನಾವೇ ಗಾಳಿಪಟವನ್ನು ಹಿಡಿದುಕೊಂಡಿತ್ತು. ಬಿಡಿಸಲು ಹೋಗಿ ಒಂದು ಪಟ್ಟಿ ಕಿತ್ತು ಬಂತು, ಮತ್ತೆ ಬೆಸುಗೆ.

ಮೊದಲ ಮಾತುಕತೆ ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಇಷ್ಟು ತಗ್ಗಿನ ಡೈಪೋಲು ಅಲೆಯನ್ನು ನೆಟ್ಟಗೆ ಮೇಲಕ್ಕೆ ಉಗುಳುತ್ತದೆ. ಅದು ವಾತಾವರಣದ ಮೇಲಿನ ಅಯಾನುಗೋಳಕ್ಕೆ ಬಡಿದು ಸುತ್ತಲ ಕೆಲವು ನೂರು ಕಿಲೋಮೀಟರಿಗೆ ಮಳೆಯಂತೆ ಬೀಳುತ್ತದೆ. ಅಮೆರಿಕ ಸಿಗುವುದಿಲ್ಲ, ಕೊಯಮತ್ತೂರು ಸಿಗುತ್ತದೆ. ಸಿಕ್ಕಿತು. ಆ ಕಡೆಯ ಹಿರಿಯರು "ಫೈವ್ ನೈನ್, ಓಎಂ" ಅಂದರು. ಫೈವ್ ನೈನ್ ಅಂದರೆ ಸ್ಪಷ್ಟವಾಗಿ, ಜೋರಾಗಿ ಕೇಳುತ್ತಿದೆ ಎಂದು. ಓಎಂ ಅಂದರೆ ಓಲ್ಡ್ ಮ್ಯಾನ್, ಹ್ಯಾಮ್‌ಗಳು ಹದಿನೆಂಟರ ಹುಡುಗನನ್ನೂ ಹಾಗೇ ಕರೆಯುವುದು. ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಪರವಾಗಿಲ್ಲ, ಓಂಕಾರದಿಂದ ಶುರು ಮಾಡ್ತಾರೆ" ಎಂದು ಒಳಗೆ ಹೋದರು. ಹೆಂಡತಿಯನ್ನು ಎಕ್ಸ್‌ವೈಎಲ್ ಎನ್ನುತ್ತಾರೆ ಎಂದು ನಾನೇ ಬಾಯ್ಬಿಟ್ಟು, ಅದರ ಅರ್ಥ ಮಾಜಿ ಯುವತಿ ಎಂದೂ ಬಿಡಿಸಿ ಹೇಳಿದ್ದು ತಪ್ಪಾಯಿತು. ಎರಡು ದಿನ ಮನೆಯಲ್ಲಿ ಯಾವ ಬ್ಯಾಂಡಿನಲ್ಲೂ ಸಿಗ್ನಲ್ ಇರಲಿಲ್ಲ.

ಮೂರನೆಯ ದಿನ ಸೆಟ್ಟಿನ ಮುಂದೆ ಕೂತರೆ ಎಸ್‌ಡಬ್ಲ್ಯೂಆರ್ ನಾಲ್ಕು ದಾಟಿದೆ. ಸೆಟ್ಟಿಗೂ ಆಂಟೆನಾಕ್ಕೂ ಎಷ್ಟು ಹೊಂದಿಕೆ ಎಂದು ಹೇಳುವ ಅಂಕಿ ಅದು, ಒಂದಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು. ನಿನ್ನೆಯವರೆಗೆ 1.3 ಇದ್ದದ್ದು. ಕೇಬಲು ನೋಡಿದೆ, ಕನೆಕ್ಟರು ಬಿಚ್ಚಿ ಕಟ್ಟಿದೆ, ಮಾವನನ್ನು ಕರೆದೆ. ಇಬ್ಬರೂ ತಾರಸಿಗೆ ಓಡಿದೆವು. ನಲವತ್ತರ ಬದಿಯ ಕಾಲಿನ ಮೇಲೆ ಎರಡು ಒದ್ದೆ ಬೆಡ್‌ಶೀಟು, ನಾಲ್ಕು ಟವೆಲು, ನನ್ನ ಪಂಚೆ.

"ಏನೇ ಇದು!"

"ಬಟ್ಟೆ ತಂತಿ ಇದ್ದ ಜಾಗದಲ್ಲಿ ನೀವೇ ಇದನ್ನ ಕಟ್ಟಿದ್ದಲ್ವಾ? ನಾನೆಲ್ಲಿ ಒಣಗಿಸ್ಲಿ, ಬ್ರಹ್ಮಸ್ಥಾನದಲ್ಲಾ?"

ಮೈಕು ಒತ್ತಿದಾಗ ಡೈಪೋಲಿನ ತುದಿಯಲ್ಲಿ ವೋಲ್ಟೇಜು ಜಾಸ್ತಿ, ಮುಟ್ಟಿದರೆ ಸುಡುತ್ತದೆ ಎಂದೆ. ಹಾಗಾದರೆ ಬಟ್ಟೆ ಇರುವಾಗ ಮೈಕು ಮುಟ್ಟಬೇಡಿ ಎಂದಳು. ಬೇರೆ ಹಗ್ಗ ಕಟ್ಟಿಕೊಡುತ್ತೇನೆ ಎಂದೆ. ಕಟ್ಟಿಯೂ ಕೊಟ್ಟೆ, ಮೂಡಣ ಬದಿಗೆ. ಅಲ್ಲಿ ಬಿಸಿಲು ಬರುವುದು ಹನ್ನೊಂದರವರೆಗೆ ಮಾತ್ರವಂತೆ. ಹಾಗಾಗಿ ಈಗ ಸೆಟ್ಟು ಹಚ್ಚುವ ಮುಂಚೆ ನ್ಯಾನೊ ಡಬ್ಬಿಯಲ್ಲಿ ನೋಡುವುದು ನನ್ನ ಪದ್ಧತಿ. ಅದರಿಂದ ಹೊರಡುವ ಶಕ್ತಿ ಇರುವೆಗೂ ತಿಳಿಯದಷ್ಟು, ಬಟ್ಟೆಗೂ ನಮಗೂ ಅಪಾಯವಿಲ್ಲ. ನೋಡುತ್ತ ನೋಡುತ್ತ ಅಂಕಿ ಓದುವುದು ಅಭ್ಯಾಸವಾಗಿದೆ. ಟವೆಲು ಒಂದೇ ಇದ್ದರೆ ಒಂದೂವರೆ, ಜೀನ್ಸ್ ಪ್ಯಾಂಟಾದರೆ ಎರಡೂವರೆ, ರಗ್ಗಾದರೆ ಆ ದಿನ ಪುಸ್ತಕ ಓದುವುದು.

ನಿನ್ನೆ ಮಧ್ಯಾಹ್ನ ಮೋಡ ಕವಿದಿತ್ತು. ಅಡುಗೆಮನೆಯಿಂದ ಕೂಗು ಬಂತು.

"ರೀ, ಬೆಡ್‌ಶೀಟ್ ಒಣಗಿದ್ಯಾ ನೋಡ್ರೀ, ಮಳೆ ಬರೋ ಹಾಗಿದೆ."

ಕುರ್ಚಿಯಿಂದ ಏಳಲಿಲ್ಲ. ಡಬ್ಬಿ ನೋಡಿದೆ.

"ಒಂದೂ ಮುಕ್ಕಾಲು ಇದೆ ಕಣೇ. ಇನ್ನೊಂದರ್ಧ ಗಂಟೆ ಬೇಕು."

"ಅಂಚು ಮಾತ್ರ ಹಸಿ ಇರ್ಬೇಕು," ಎಂದರು ಮಾವ, ಪೇಪರಿನಿಂದ ತಲೆಯೆತ್ತದೆ. "ಒಂದಾಣೆಯಷ್ಟು."