ಮಾಂಟಿ ಪೈಥಾನ್ ಕಂತುಗಳು ನಾಶವಾಗಿಲ್ಲ: ಒಂದು ಸ್ಪಷ್ಟನೆ

ಬ್ರಿಟನ್ನಿನ ಅಸಂಗತ ಹಾಸ್ಯ ಸರಣಿ ‘ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್’ನ ಅರ್ಧದಷ್ಟು ಕಂತುಗಳನ್ನು ಬಿಬಿಸಿಯೇ ಅಳಿಸಿಹಾಕಿದೆ ಎಂಬ ಸಂದೇಶ ಶಿರಸಿ, ಕಾರವಾರದ ರಂಗಾಸಕ್ತರ ನಡುವೆ ಹರಿದಾಡುತ್ತಿದೆ. ಇದು ನಿಜವಲ್ಲ. ಇದನ್ನು ನಂಬಿ ಆಸಕ್ತರು ಹುಡುಕುವುದನ್ನೇ ಕೈಬಿಟ್ಟರೆ ಅದು ನೋವಿನ ಸಂಗತಿ.

ಟೇಪು ದುಬಾರಿಯಾಗಿದ್ದ ಆ ಕಾಲದಲ್ಲಿ ಬಿಬಿಸಿ ಹಳೆಯ ಕಾರ್ಯಕ್ರಮಗಳನ್ನು ಅಳಿಸಿ ಅದೇ ಟೇಪುಗಳನ್ನು ಮತ್ತೆ ಬಳಸುತ್ತಿದ್ದುದು ಹೌದು. ‘ಡಾಕ್ಟರ್ ಹೂ’ ಸರಣಿಯ ಹಲವು ಕಂತುಗಳು ಹಾಗೆಯೇ ಹೋದವು, ಈಗಿನ ಗೊಂದಲಕ್ಕೂ ಬಹುಶಃ ಅದೇ ಮೂಲವಿರಬೇಕು. ಆದರೆ 1969ರ ಅಕ್ಟೋಬರ್ 5ರಿಂದ 1974ರ ಡಿಸೆಂಬರ್‌ವರೆಗೆ ಪ್ರಸಾರವಾದ ಪೈಥಾನ್‌ನ 45 ಕಂತುಗಳೂ ಉಳಿದಿವೆ. ಕೊನೆಯ ಭಾಗದಲ್ಲಿ ಆರೇ ಕಂತುಗಳಿರುವುದನ್ನು ನಾಶಕ್ಕೆ ಸಾಕ್ಷಿಯೆಂದು ತೋರಿಸಲಾಗುತ್ತಿದೆ. ತಂಡದ ನಟ, ಬರಹಗಾರ ಜಾನ್ ಕ್ಲೀಸ್ ಹೊರನಡೆದ ಮೇಲೆ ತಯಾರಾದದ್ದೇ ಅಷ್ಟು.