ಸಾಲ ಕೊಡೋ ಮೊದಲು ಅವರ ಪೆಟ್ಟಿಗೆ ನೋಡಿ

ನಾನು ಕೀನ್ಯಾದ ಕಿಸುಮುವಿನಲ್ಲಿದ್ದೇನೆ ಅಂತ ಗೊತ್ತಾದ ಮೇಲೆ ಊರಿನ ಗೆಳೆಯರು ಆಗಾಗ ಕೇಳುತ್ತಾರೆ, ಅಲ್ಲಿನ ಹಳ್ಳಿ ಹೆಂಗಸರಿಗೆ ಹೊಲಿಗೆ ಯಂತ್ರ ಕೊಡಿಸೋಣವಾ, ಸಣ್ಣ ಸಾಲ ಕೊಡೋಣವಾ ಅಂತ. ಒಳ್ಳೆ ಮನಸ್ಸು. ಆದರೆ ನಾನು ಎರಡಕ್ಕೂ ಬೇಡ ಅಂತೀನಿ. ಆ ಊರಲ್ಲಿ ಈಗಾಗಲೇ ಯಾವ ಉಳಿತಾಯ ಗುಂಪು ನಡೆಯುತ್ತಿದೆ ಅಂತ ಮೊದಲು ವಿಚಾರಿಸಿ.

ಇಲ್ಲಿ ಅದಕ್ಕೆ ಚಾಮಾ ಅಂತಾರೆ. ಕೆಲವು ನಮ್ಮ ಚೀಟಿ ಥರವೇ, ಎಲ್ಲರೂ ಹಾಕಿದ ದುಡ್ಡು ಸರದಿ ಪ್ರಕಾರ ಒಬ್ಬೊಬ್ಬರಿಗೆ. ಇನ್ನು ಕೆಲವು ಪೆಟ್ಟಿಗೆ ಗುಂಪುಗಳು. ಕೇರ್ ಸಂಸ್ಥೆ 1991ರಲ್ಲಿ ನೈಜರ್ ದೇಶದಲ್ಲಿ ಶುರು ಮಾಡಿದ ಈ ಪದ್ಧತಿ ಈಗ ಆಫ್ರಿಕಾದ ಎಷ್ಟೋ ದೇಶಗಳಲ್ಲಿದೆ. ಒಂದು ಗುಂಪಿನಲ್ಲಿ 15ರಿಂದ 25 ಜನ. ಕಬ್ಬಿಣದ ಪೆಟ್ಟಿಗೆಗೆ ಮೂರು ಬೀಗ, ಬೀಗದ ಕೈಗಳು ಮೂವರ ಹತ್ತಿರ, ಪೆಟ್ಟಿಗೆ ನಾಲ್ಕನೆಯವರ ಮನೆಯಲ್ಲಿ. ಸಭೆಯಲ್ಲಿ ಎಲ್ಲರ ಎದುರು ಪೆಟ್ಟಿಗೆ ತೆಗೆದು ದುಡ್ಡು ಎಣಿಸುತ್ತಾರೆ, ತಲಾ 1ರಿಂದ 5 ಪಾಲು ಕೊಳ್ಳುತ್ತಾರೆ, ಪಾಲಿಗೊಂದರಂತೆ ಪುಸ್ತಕದಲ್ಲಿ ಮುದ್ರೆ ಬೀಳುತ್ತದೆ, ಓದು ಬರದವರೂ ಮುದ್ರೆ ಎಣಿಸಬಹುದಲ್ವಾ. ಆ ದುಡ್ಡಿನಲ್ಲೇ ಸಾಲ ತಗೊಂಡು ಒಬ್ಬಳು ಮಂದಾಜಿ ಅನ್ನೋ ಕರಿದ ತಿಂಡಿ ಮಾಡೋಕೆ ಎಣ್ಣೆ, ಮೈದಾ ಕೊಳ್ಳುತ್ತಾಳೆ, ಇನ್ನೊಬ್ಬಳು ತರಕಾರಿ ಅಂಗಡಿ ಇಡುತ್ತಾಳೆ. ಬಡ್ಡಿ ತಿಂಗಳಿಗೆ ನೂರಕ್ಕೆ ಹತ್ತರವರೆಗೂ ಇರುತ್ತದೆ. ಜಾಸ್ತಿಯೇ. ಆದರೆ ಅದು ಊರು ಬಿಟ್ಟು ಹೋಗೋದಿಲ್ಲ. ವರ್ಷದ ಕೊನೆಗೆ ಪೆಟ್ಟಿಗೆ ಪೂರ್ತಿ ಖಾಲಿ ಮಾಡಿ, ಅಸಲು ಬಡ್ಡಿ ಎರಡನ್ನೂ ಪಾಲಿನ ಪ್ರಕಾರ ಹಂಚಿಕೊಳ್ಳುತ್ತಾರೆ.

ನಮ್ಮ ಕರ್ನಾಟಕದ ಸ್ವಸಹಾಯ ಸಂಘಗಳೂ ಉಳಿತಾಯದಿಂದಲೇ ಶುರುವಾದವು. ಮೈರಾಡಾ ಅನ್ನೋ ಸ್ವಯಂಸೇವಾ ಸಂಸ್ಥೆ 80ರ ದಶಕದಲ್ಲೇ ದಾರಿ ತೋರಿಸಿತು, 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸಿತು, 2000-01ರಲ್ಲಿ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಅಡವಿಡಲು ಏನೂ ಇಲ್ಲದ ಹೆಂಗಸರಿಗೆ ಬ್ಯಾಂಕ್ ಸಾಲ ಸಿಕ್ಕಿದ್ದು ಸಣ್ಣ ವಿಷಯವಲ್ಲ, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಮೈಕ್ರೋ ಫೈನಾನ್ಸ್ ಕಂಪನಿಗಳೂ ಮನೆ ಬಾಗಿಲಿಗೆ ಬಂದವು. ಒಂದು ಕಂತು ಕಟ್ಟಲು ಇನ್ನೊಂದು ಕಡೆ ಸಾಲ, ಅದಕ್ಕೆ ಮತ್ತೊಂದು. ವಸೂಲಿ ಕಿರುಕುಳ ತಡೆಯೋಕೆ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ದಯವಿಟ್ಟು ಆ ಕಂತಿನ ಕಾಟವನ್ನು ಇಲ್ಲಿಗೆ ತರಬೇಡಿ.

ಪೆಟ್ಟಿಗೆಯಿಂದಲೂ ಎಲ್ಲ ಆಗೋದಿಲ್ಲ. ಮಳೆ ಕೈಕೊಟ್ಟರೆ ಎಲ್ಲರಿಗೂ ಒಟ್ಟಿಗೇ ದುಡ್ಡು ಬೇಕಾಗುತ್ತದೆ. ತೀರಾ ಬಡವರು ಪಾಲು ಕೊಳ್ಳಲಾಗದೆ ಗುಂಪಿಗೇ ಸೇರೋದಿಲ್ಲ. ಅಂಥವರಿಗೆ ಬೇಕಾಗಿರೋದು ವಾಪಸ್ ಕೇಳದ ಬಂಡವಾಳ. ಕೀನ್ಯಾ, ಉಗಾಂಡಾಗಳಲ್ಲಿ ವಿಲೇಜ್ ಎಂಟರ್‌ಪ್ರೈಸ್ ಅನ್ನೋ ಸಂಸ್ಥೆ ಮೂವರನ್ನು ಒಟ್ಟು ಸೇರಿಸಿ, ವ್ಯಾಪಾರ ಕಲಿಸಿ, ಸಣ್ಣ ಮೊತ್ತ ಕೊಟ್ಟು, ಜೊತೆಗೆ ಉಳಿತಾಯ ಗುಂಪನ್ನೂ ಕಟ್ಟಿಸುತ್ತದೆ. ನನಗೆ ಇದು ಸರಿಯಾದ ಕ್ರಮ ಅನ್ನಿಸುತ್ತದೆ.

ಇನ್ನೊಂದು ವಿಷಯ, ಹೇಳೋಕೆ ಸಂಕಟವಾಗುತ್ತದೆ. ವಿಕ್ಟೋರಿಯಾ ಸರೋವರದ ದಡದಲ್ಲಿ ಒಮೆನಾ ಅನ್ನೋ ಸಣ್ಣ ಮೀನು ಒಣಗಿಸಿ ಮಾರೋದು ಹೆಂಗಸರು, ದೋಣಿ ಮಾತ್ರ ಗಂಡಸರದ್ದು. ಮೀನು ಬೇಕಾದರೆ ಮೈ ಒಪ್ಪಿಸಬೇಕು ಅನ್ನೋ ಕೆಟ್ಟ ರೂಢಿ ಬೆಳೆದಿದೆ, ಅದಕ್ಕೆ ಜಬೋಯಾ ಅಂತಾರೆ, ಅದರಿಂದ ಎಚ್‌ಐವಿಯೂ ಹರಡಿದೆ. ಇಂಥ ಕಡೆ ಲೆಕ್ಕ ಬರೆಯೋ ತರಬೇತಿ ಕೊಟ್ಟು ಏನು ಪ್ರಯೋಜನ? 2011ರ ಹೊತ್ತಿಗೆ ನ್ದುರು ಅನ್ನೋ ದಡದಲ್ಲಿ ಹೆಂಗಸರಿಗೇ ದೋಣಿ ಕೊಡಿಸಿದರು, ಅವರು ಗಂಡಸರನ್ನು ಕೂಲಿಗೆ ಇಟ್ಟುಕೊಂಡು ಮೀನು ಹಿಡಿಸಿದರು. ಆಮೇಲೆ 2020ರಲ್ಲಿ ಸರೋವರ ಉಕ್ಕಿ ಆ ಊರೇ ಮುಳುಗಿತು.

ಹಾಗಾಗಿ ದೋಣಿಗೆ ದುಡ್ಡು ಕಳಿಸುವವರು ಅದರ ರಿಪೇರಿಗೂ, ಇಂಥ ಒಂದು ಕೆಟ್ಟ ವರ್ಷಕ್ಕೂ ಒಂದಿಷ್ಟು ಎತ್ತಿಟ್ಟೇ ಕಳಿಸಿ.