ಒಕ್ಟಾವಿಯೊ ಡೊಟೆಲ್ ಅಂದ್ರೆ ಬರೀ 13 ಜೆರ್ಸಿನಾ?

ಇವತ್ತು ಮತ್ತೆ ಅದೇ ವಿಡಿಯೋ ಕಣ್ಣಿಗೆ ಬಿತ್ತು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪಿಚರ್ (ಬಾಲ್ ಎಸೆಯುವವರು) ಆಗಿದ್ದ ಒಕ್ಟಾವಿಯೊ ಡೊಟೆಲ್ ಬೇರೆ ಬೇರೆ ಜೆರ್ಸಿಯಲ್ಲಿರುವ ಫೋಟೋಗಳು, ಹಿಂದೆ ನಗುವಿನ ಸದ್ದು. 13 ತಂಡ ಸುತ್ತಿದರೂ ಎಲ್ಲೂ ನಿಲ್ಲಲಿಲ್ಲವಂತೆ. ನನ್ನ ಬೇಸ್‌ಬಾಲ್ ಹುಚ್ಚು ನಿಮಗೆ ಗೊತ್ತೇ ಇದೆ, ಸುಮ್ನೆ ಇರೋಕೆ ಆಗಲಿಲ್ಲ.

ಆ ಮನುಷ್ಯ ಈಗ ಇಲ್ಲ ಕಣ್ರೀ. 2025ರ ಏಪ್ರಿಲ್ 8ರಂದು ತಾವು ಹುಟ್ಟಿದ ಊರಾದ, ಡೊಮಿನಿಕನ್ ರಿಪಬ್ಲಿಕ್ ದೇಶದ ರಾಜಧಾನಿ ಸ್ಯಾಂಟೊ ಡೊಮಿಂಗೋದಲ್ಲೇ ತೀರಿಕೊಂಡರು. ಜೆಟ್ ಸೆಟ್ ನೈಟ್‌ಕ್ಲಬ್‌ನ ಚಾವಣಿ ಕುಸಿದು 230ಕ್ಕೂ ಜಾಸ್ತಿ ಜನ ಸತ್ತರಲ್ಲ, ಅದೇ ದುರಂತದಲ್ಲಿ. ಅವರನ್ನು ಜೀವಂತವಾಗಿ ಹೊರಗೆ ತೆಗೆದಿದ್ದರು, ಆದರೂ ಉಳಿಯಲಿಲ್ಲ. 51 ವರ್ಷ ಅಷ್ಟೇ. ಆ ಸಾವಿನ ಸುದ್ದಿಯಲ್ಲೂ ನಾನು ಓದಿದ್ದು ಇದೇ 13ರ ಲೆಕ್ಕ.

ಡೊಟೆಲ್ ಮಾಡುತ್ತಿದ್ದ ರಿಲೀಫ್ ಪಿಚರ್ ಕೆಲಸ ಎಂಥದ್ದು ಅಂತ ಈ ವಿಡಿಯೋ ಮಾಡಿದವರಿಗೆ ಗೊತ್ತಿದೆಯಾ? ಮೊದಲು ಎಸೆದವನು ಸುಸ್ತಾದಾಗ, ಬೇಸ್‌ಗಳಲ್ಲಿ (ರನ್‌ಗೆ ಓಡುವಾಗ ಮುಟ್ಟಬೇಕಾದ ಜಾಗಗಳಲ್ಲಿ) ಆಗಲೇ ಎದುರಾಳಿಗಳು ನಿಂತಿರುವಾಗ, ರಿಲೀಫ್ ಪಿಚರ್ ಕೈಗೆ ಬಾಲ್ ಕೊಡ್ತಾರೆ. ನಮ್ಮ ಕ್ರಿಕೆಟ್‌ನಲ್ಲಿ ಕೊನೇ ಓವರ್ ಎಸೆಯುವವನ ಪಾಡು ಇದ್ದ ಹಾಗೆ. ಜುಲೈ ಬಂತು ಅಂದ್ರೆ ಕಪ್ ಗೆಲ್ಲುವ ಆಸೆ ಇರುವ ತಂಡಗಳು ಇಂಥವರನ್ನು ಹುಡುಕಿಕೊಂಡು ಹೋಗ್ತವೆ. 2011ರ ಜುಲೈನಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಡೊಟೆಲ್‌ರನ್ನು ಟೊರೊಂಟೊ ತಂಡದಿಂದ ತಂದಿದ್ದೂ ಹಾಗೇ. ಅದೇ ಟ್ರೇಡ್‌ನಲ್ಲಿ (ಆಟಗಾರರ ವಿನಿಮಯದಲ್ಲಿ) ಪಿಚರ್ ಎಡ್ವಿನ್ ಜಾಕ್ಸನ್ ಕೂಡ ಬಂದರು, 2019ರಲ್ಲಿ 14ನೇ ತಂಡ ಸೇರಿ, ಅತಿ ಹೆಚ್ಚು ತಂಡಗಳಿಗೆ ಆಡಿದ ಡೊಟೆಲ್ ದಾಖಲೆ ಮುರಿದರಲ್ಲ, ಅವರೇ. 2011ರ ಅಕ್ಟೋಬರ್‌ನಲ್ಲಿ ಕಾರ್ಡಿನಲ್ಸ್ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದಿತು. ಯಾರಿಗೂ ಬೇಡವಾದ ಆಟಗಾರನನ್ನು ಹೀಗೆ ಕೇಳಿ ತರ್ತಾರಾ?

ರಿಲೀಫ್ ಪಿಚರ್‌ಗಳಲ್ಲಿ ದಿಗ್ಗಜ ಅನ್ನಿಸಿಕೊಂಡ ಮರಿಯಾನೊ ರಿವೇರಾ ಮಟ್ಟದವರಲ್ಲ ಅಂತೀರಾ? ಆ ಮಟ್ಟದವರು ಎಷ್ಟು ಜನ ಇದ್ದಾರೆ ಹೇಳಿ. 2005ರಲ್ಲಿ ಡೊಟೆಲ್ ಮೊಣಕೈಗೆ ಟಾಮಿ ಜಾನ್ ಸರ್ಜರಿ (ಹರಿದ ಲಿಗಮೆಂಟ್ ಬದಲಿಸುವ ಆಪರೇಷನ್) ಆಯ್ತು. ಎಷ್ಟೋ ಪಿಚರ್‌ಗಳು ಅಲ್ಲಿಗೇ ಮುಗಿದು ಹೋಗ್ತಾರೆ, ಇವರು 2013ರ ತನಕ ಆಡಿದರು. ಒಟ್ಟು 951 ಇನಿಂಗ್ಸ್ (ಬೇಸ್‌ಬಾಲ್‌ನಲ್ಲಿ ಎದುರಾಳಿಗಳ ಮೂರು ಔಟ್ ಆದರೆ ಪಿಚರ್‌ಗೆ ಒಂದು ಇನಿಂಗ್ಸ್), 1,143 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್, ಅಂದ್ರೆ ಬ್ಯಾಟರ್ ಸರಿಯಾಗಿ ಹೊಡೆಯಲಾಗದ ಮೂರು ಎಸೆತ, ಎಸೆದು ಔಟ್ ಮಾಡೋದು). ಇನಿಂಗ್ಸ್‌ಗೆ ಒಂದಕ್ಕಿಂತ ಜಾಸ್ತಿ ಆಯ್ತಲ್ವಾ! 2013ರಲ್ಲಿ, 39ನೇ ವಯಸ್ಸಲ್ಲಿ, ದೇಶಗಳ ನಡುವಿನ ಟೂರ್ನಿಯಾದ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ತಮ್ಮ ದೇಶದ ತಂಡದಲ್ಲಿದ್ದರು. ಡೊಮಿನಿಕನ್ ರಿಪಬ್ಲಿಕ್ ಎಂಟಕ್ಕೆ ಎಂಟೂ ಪಂದ್ಯ ಗೆದ್ದಿತು. ಆ ಜೆರ್ಸಿಯನ್ನು ಯಾರೂ ಎಣಿಸಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ 2003ರ ಜೂನ್ 11. ಡೊಟೆಲ್ ಆಗ ಹೂಸ್ಟನ್ ಆಸ್ಟ್ರೋಸ್ ತಂಡದಲ್ಲಿ, ಎದುರಿಗೆ ನ್ಯೂಯಾರ್ಕ್ ಯಾಂಕೀಸ್, ಅದೂ ಯಾಂಕೀಸ್‌ನದೇ ಮೈದಾನದಲ್ಲಿ. ಆಸ್ಟ್ರೋಸ್ ಪರ ಮೊದಲು ಎಸೆಯುತ್ತಿದ್ದ ರಾಯ್ ಓಸ್ವಾಲ್ಟ್ ಎರಡನೇ ಇನಿಂಗ್ಸ್‌ನಲ್ಲೇ ನೋವಾಗಿ ಹೊರಗೆ ಹೋದರು. ಆಮೇಲೆ ಐದು ಜನ ಒಬ್ಬರಾದ ಮೇಲೆ ಒಬ್ಬರು ಬಂದು, ಒಂದೂ ಹಿಟ್ (ಬಾಲ್ ಹೊಡೆದು ಬೇಸ್ ಸೇರುವ ಅವಕಾಶ) ಕೊಡದೆ ಪಂದ್ಯ ಮುಗಿಸಿದರು. ಎಂಟನೇ ಇನಿಂಗ್ಸ್ ಡೊಟೆಲ್‌ದು. ಅದರಲ್ಲಿ ನಾಲ್ಕು ಸ್ಟ್ರೈಕ್‌ಔಟ್! ಮೂರೇ ಔಟ್ ಇರುವಾಗ ನಾಲ್ಕು ಹೇಗೆ ಅಂತೀರಾ? ಮೂರನೇ ಸ್ಟ್ರೈಕ್ ಅನ್ನು ಬ್ಯಾಟರ್ ಹಿಂದೆ ನಿಲ್ಲುವ ಕ್ಯಾಚರ್ ಹಿಡಿಯದಿದ್ದರೆ, ಮೊದಲ ಬೇಸ್ ಖಾಲಿ ಇದ್ದಾಗ ಬ್ಯಾಟರ್ ಓಡಬಹುದು; ಸ್ಟ್ರೈಕ್‌ಔಟ್ ಲೆಕ್ಕಕ್ಕೆ ಬರುತ್ತೆ, ಬೇಸ್ ಸೇರಿಕೊಂಡರೆ ಔಟ್ ಆಗಲ್ಲ. ಯಾಂಕೀಸ್‌ನ ಅಲ್ಫೊನ್ಸೊ ಸೊರಿಯಾನೊ ಹಾಗೆ ಮೊದಲ ಬೇಸ್ ಸೇರಿಕೊಂಡರು. ಡೊಟೆಲ್ ಬೇಜಾರು ಮಾಡಿಕೊಂಡು ಕೂರಲಿಲ್ಲ. ಮುಂದೆ ಬಂದ ಡೆರೆಕ್ ಜೀಟರ್ ಮತ್ತು ಜೇಸನ್ ಜಿಯಾಂಬಿ ಇಬ್ಬರನ್ನೂ ಸ್ಟ್ರೈಕ್‌ಔಟ್ ಮಾಡಿ ಕಳಿಸಿದರು.

ವಿಡಿಯೋ ಮಾಡಲೇಬೇಕು ಅಂತಿದ್ದರೆ ಈ ಇನಿಂಗ್ಸ್ ಬಗ್ಗೆ ಮಾಡ್ರಪ್ಪಾ, ಮೊದಲು ಶೇರ್ ಮಾಡೋದು ನಾನೇ.